ಮೊದಲ ಫೋನು ದೂರು ಹೇಳೋಕಲ್ಲ

"ಮೇಡಂ, ಪೋಷಕರು ಮೀಟಿಂಗಿಗೆ ಬರೋದೇ ಇಲ್ವಲ್ಲ, ಏನ್ ಮಾಡೋದು?" ಹೊಸದಾಗಿ ಸೇರುವ ಅತಿಥಿ ಶಿಕ್ಷಕರು ವರ್ಷ ವರ್ಷವೂ ನನ್ನನ್ನು ಕೇಳುವ ಮಾತು ಇದು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನಿರುವುದು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹತ್ತಿರದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಆಟ, ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ತರಗತಿ ನನ್ನದು. ನಮ್ಮ ಮಕ್ಕಳ ಮನೆಯವರಲ್ಲಿ ಭಟ್ಟಿ ಕೆಲಸದವರಿದ್ದಾರೆ, ಎಪಿಎಂಸಿ ಹಮಾಲರಿದ್ದಾರೆ, ಆಟೋ ಓಡಿಸುವವರಿದ್ದಾರೆ. ಎಂಸಿಸಿ ಬಡಾವಣೆ, ವಿದ್ಯಾನಗರದ ಕಡೆ ಮನೆಗೆಲಸಕ್ಕೆ ಹೋಗುವ ತಾಯಂದಿರೂ ಜಾಸ್ತಿ. ಓದು ಬರಹ ಬಲ್ಲವರು ಕಡಿಮೆ. ಆದರೆ ಮಗು ಓದಲಿ ಅಂತ ಆಸೆ ಇಲ್ಲದ ಒಂದು ಮನೆಯನ್ನೂ ನಾನು ನೋಡಿಲ್ಲ.

ಮತ್ತೆ ಯಾಕೆ ಬರಲ್ಲ? ಅವರ ಜಾಗದಲ್ಲಿ ನಿಂತು ನೋಡಿ. ಶಾಲೆಯಿಂದ ಫೋನು ಬಂತು ಅಂದರೆ ಎರಡೇ ಕಾರಣ. ಒಂದೋ ಹುಡುಗ ಏನೋ ತರಲೆ ಮಾಡಿದ್ದಾನೆ, ಇಲ್ಲಾ ಯಾವುದೋ ಕಾಗದ ಬೇಕಾಗಿದೆ. ಆಧಾರ್ ಜೆರಾಕ್ಸ್, ಜಾತಿ-ಆದಾಯ ಪ್ರಮಾಣಪತ್ರ, ಪಾಸ್‌ಬುಕ್. ಬೈಸಿಕೊಳ್ಳೋಕೆ ಅಂತ ಅರ್ಧ ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ ಹೇಳಿ.

ಹಾಗಾಗಿ ನನ್ನ ಮೊದಲ ಸೂಚನೆ ಇಷ್ಟೇ. ಮೀಟಿಂಗ್ ಕರೆಯುವ ಮುಂಚೆ, ದೂರು ಹೇಳುವ ಮುಂಚೆ, ಕಾಗದ ಕೇಳುವ ಮುಂಚೆ, ಪ್ರತಿ ಮನೆಗೂ ಒಂದು ಒಳ್ಳೆಯ ಸುದ್ದಿ ಹೋಗಬೇಕು.

ಒಳ್ಳೆಯ ಸುದ್ದಿಯ ಫೋನು

"ನಿಮ್ಮ ಮಗ ಜಾಣ" ಅಂದರೆ ಸಾಲದು. ಅದು ಯಾರಿಗೆ ಬೇಕಾದರೂ ಹೇಳಬಹುದಾದ ಮಾತು, ಕೇಳಿದವರಿಗೂ ಅದು ಗೊತ್ತಾಗುತ್ತದೆ. ನೀವು ಕಣ್ಣಾರೆ ಕಂಡದ್ದು ಒಂದನ್ನು ಹೇಳಿ. ನಾನು ಹೀಗೆ ಮಾತಾಡುತ್ತೇನೆ:

"ಅಕ್ಕಾ, ನಾನು ಸ್ಕೂಲಿಂದ ಮಿಸ್ ಮಾತಾಡ್ತಿರೋದು. ಗಾಬರಿ ಆಗ್ಬೇಡಿ, ಹುಡುಗ ಆರಾಮಾಗಿದಾನೆ. ಇವತ್ತು ಊಟದ ಹೊತ್ತಲ್ಲಿ ಒಂದನೇ ಕ್ಲಾಸಿನ ಮಗು ತಟ್ಟೆ ಬೀಳಿಸ್ಕೊಂಡು ಅಳ್ತಾ ಕೂತಿತ್ತು. ನಿಮ್ಮ ಹುಡುಗ ಯಾರೂ ಹೇಳದೆ ತಾನೇ ಹೋಗಿ ಬೇರೆ ತಟ್ಟೆ ತೊಳ್ಕೊಂಡು ಬಂದು ಊಟ ಹಾಕಿಸ್ಕೊಟ್ಟ. ನಿಮಗೆ ಹೇಳೋಣ ಅನ್ನಿಸ್ತು."

"ಗಾಬರಿ ಆಗ್ಬೇಡಿ" ಅನ್ನೋದು ಎಲ್ಲಕ್ಕಿಂತ ಮುಂಚೆ ಬರಬೇಕು. ಕೆಲಸದ ಮಧ್ಯೆ ಶಾಲೆಯ ಫೋನು ಬಂದರೆ ತಾಯಿಯ ಎದೆ ಧಸಕ್ ಅನ್ನುತ್ತದೆ. ಸುದ್ದಿ ಹೇಳಿದ ಮೇಲೆ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲ್ಲ. ನಂತರ ಮೆಲ್ಲಗೆ, "ಇನ್ನೇನ್ ಮಿಸ್?" ಅಂತ ಕೇಳುತ್ತಾರೆ. ದೂರು ಇನ್ನು ಬರುತ್ತೆ ಅಂತ ಕಾಯುತ್ತಿರುತ್ತಾರೆ. "ಇನ್ನೇನೂ ಇಲ್ಲ ಅಕ್ಕಾ, ಇಷ್ಟೇ" ಅಂತ ಹೇಳಿ ನಿಲ್ಲಿಸಿ. ಅದೇ ಫೋನಿನಲ್ಲಿ "ಹಾಗೇ ಆಧಾರ್ ಜೆರಾಕ್ಸ್ ಕಳಿಸಿ" ಅನ್ನಬೇಡಿ. ಅಂದರೆ ಒಳ್ಳೆಯ ಸುದ್ದಿ ಬರೀ ಪೀಠಿಕೆ ಆಗಿಬಿಡುತ್ತದೆ.

ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರೆ ದಿನಕ್ಕೆ ಎರಡು ಫೋನು ಮಾಡಿದರೂ ಮೂರು ವಾರಕ್ಕೆ ಎಲ್ಲ ಮನೆ ಮುಗಿಯುತ್ತದೆ. ತರಲೆ ಮಕ್ಕಳ ಮನೆಯಿಂದ ಶುರು ಮಾಡಿ. ಒಳ್ಳೆಯ ಮಾತು ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದು ಆ ಮನೆಗಳಿಗೇ. ಅವರ ಬಗ್ಗೆ ಹೇಳೋಕೆ ಏನೂ ಸಿಗ್ತಿಲ್ಲ ಅನ್ನಿಸಿದರೆ ಇನ್ನೆರಡು ದಿನ ಆ ಮಗುವನ್ನು ಸುಮ್ನೆ ಗಮನಿಸಿ. ಸಿಕ್ಕೇ ಸಿಗುತ್ತದೆ.

ಒಂದು ನೋಟ್‌ಬುಕ್ ಇಡಿ

ಮಕ್ಕಳ ವಿವರ ಇಡುವ ಇಲಾಖೆಯ ಆನ್‌ಲೈನ್ ದಾಖಲೆ ಸ್ಯಾಟ್ಸ್‌ನಲ್ಲಿ ಎಲ್ಲರ ಫೋನ್ ನಂಬರ್ ಇರುತ್ತದೆ, ನಿಜ. ಅದರಲ್ಲಿ ಎಷ್ಟೋ ನಂಬರು ಈಗ ಚಾಲ್ತಿಯಲ್ಲೇ ಇರುವುದಿಲ್ಲ. ಅದಕ್ಕೇ ನನ್ನದೇ ಒಂದು ನೋಟ್‌ಬುಕ್ ಇದೆ, ಮಗುವಿಗೊಂದು ಪುಟ. ಅದರಲ್ಲಿ ಬರೆದುಕೊಳ್ಳುವುದು: ಈ ನಂಬರು ಯಾರ ಹತ್ತಿರ ಇರುತ್ತದೆ, ಅವರು ಎಷ್ಟು ಹೊತ್ತಿಗೆ ಬಿಡುವಾಗಿರುತ್ತಾರೆ, ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ, ಓದಲು ಬರುವವರು ಯಾರು, ಸಂಜೆ ಮಗು ಯಾರ ಹತ್ತಿರ ಇರುತ್ತದೆ.

ಕೊನೆಯ ಪ್ರಶ್ನೆ ಬಹಳ ಮುಖ್ಯ. ನಮ್ಮಲ್ಲಿ ಎಷ್ಟೋ ಮಕ್ಕಳನ್ನು ನೋಡಿಕೊಳ್ಳುವವರು ಅಜ್ಜಿ. ನೀವು ಅಪ್ಪನಿಗೆ ಫೋನು ಮಾಡಿ ಗಂಟಲು ಹರಿದುಕೊಂಡರೂ, ಮಗುವನ್ನು ಎಬ್ಬಿಸಿ ಜಡೆ ಹಾಕಿ ಕಳಿಸುವ ಅಜ್ಜಿಗೆ ಆ ವಿಷಯ ಮುಟ್ಟಿರಲ್ಲ. ಅಂಥ ಮನೆಗಳಲ್ಲಿ ಅಜ್ಜಿಯನ್ನೇ ಪೋಷಕರು ಅಂತ ಲೆಕ್ಕ ಹಿಡಿಯಿರಿ. ಮೀಟಿಂಗಿಗೂ ಅವರನ್ನೇ ಕರೆಯಿರಿ.

ಬಿಡುವಿನ ಹೊತ್ತು ಮನೆಗೊಂದು ಥರ. ಭಟ್ಟಿ ಕೆಲಸದವರು ಬೆಳಕು ಹರಿಯುವ ಮುಂಚೆಯೇ ಮನೆ ಬಿಡುತ್ತಾರೆ, ಮಧ್ಯಾಹ್ನ ಕಣ್ಣು ಮುಚ್ಚುವುದೇ ಅವರಿಗೆ ವಿಶ್ರಾಂತಿ. ಮನೆಗೆಲಸದವರಿಗೆ ಬೆಳಗ್ಗೆ ಹೊತ್ತು ಉಸಿರಾಡೋಕೂ ಆಗಲ್ಲ. ಹಮಾಲರು ಲಾರಿ ಬಂದಾಗ ಕೆಲಸ, ಇಲ್ಲದಾಗ ಖಾಲಿ. ಇದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ, ಊಹೆ ಮಾಡಬೇಡಿ.

ವಾಟ್ಸಾಪ್ ಗ್ರೂಪು

ಮನೆಗೆ ಒಂದೇ ಸ್ಮಾರ್ಟ್‌ಫೋನು, ಅದೂ ಅಪ್ಪನ ಜೇಬಿನಲ್ಲಿ. ಅಂದಮೇಲೆ ಬೆಳಗ್ಗೆ ಹತ್ತಕ್ಕೆ "ನಾಳೆ ಬಣ್ಣದ ಪೆನ್ಸಿಲ್ ಕಳಿಸಿ" ಅಂತ ಹಾಕಿದರೆ ಅದು ತಾಯಿಗೆ ಗೊತ್ತಾಗುವುದು ರಾತ್ರಿ ಊಟದ ಹೊತ್ತಿಗೆ. ಅಂಗಡಿ ಬಾಗಿಲು ಹಾಕಿರುತ್ತದೆ. ಏನೇ ತರಿಸುವುದಿದ್ದರೂ ಎರಡು ದಿನ ಮುಂಚೆ ಹೇಳಿ.

ಉದ್ದುದ್ದ ಬರೆದು ಹಾಕುವುದಕ್ಕಿಂತ ಮಾತಾಡಿ ವಾಯ್ಸ್ ಕಳಿಸಿ. ಒಂದು ನಿಮಿಷ ದಾಟಬಾರದು. ಮೊದಲು ಯಾವ ತರಗತಿಗೆ ಅಂತ ಹೇಳಿ, ಆಮೇಲೆ ವಿಷಯ, ಕೊನೆಗೆ ದಿನ ಮತ್ತು ಹೊತ್ತು ಇನ್ನೊಂದು ಸಲ. ನಮ್ಮ ತರಗತಿಯಲ್ಲಿ ಉರ್ದು ಮಾತಾಡುವ ಮನೆಗಳಿವೆ, ಲಂಬಾಣಿ ಮನೆಗಳೂ ಇವೆ. ಕನ್ನಡ ಅರ್ಥ ಆಗುತ್ತದೆ, ಆದರೆ ತಮ್ಮ ಭಾಷೆಯಲ್ಲಿ ಕೇಳಿದರೆ ಅದರ ಸಲಿಗೆಯೇ ಬೇರೆ. ಒಬ್ಬ ತಾಯಿಯನ್ನು ಕೇಳಿಕೊಂಡೆ, "ನಾನು ಹೇಳಿದ್ದನ್ನೇ ಉರ್ದುವಿನಲ್ಲಿ ಒಂದು ಸಲ ಹೇಳಿ ಹಾಕ್ತೀರಾ ಅಮ್ಮಾ" ಅಂತ. ಒಪ್ಪಿದರು. ಈಗ ಅವರ ವಾಯ್ಸ್ ಬಂದ ಮೇಲೇ ಎಷ್ಟೋ ಮನೆಯವರು ಉತ್ತರ ಕೊಡುತ್ತಾರೆ. ಆ ತಾಯಿ ಎಂದೂ ಮೀಟಿಂಗಿನಲ್ಲಿ ಬಾಯಿ ಬಿಟ್ಟವರಲ್ಲ.

ಗ್ರೂಪಿನಲ್ಲಿ ಏನು ಹಾಕಬಾರದು ಅನ್ನೋದನ್ನು ಮೊದಲ ದಿನವೇ ಹೇಳಿಬಿಡಿ. ಒಬ್ಬ ಮಗುವಿನ ಮಾರ್ಕ್ಸ್ ಹಾಕಬಾರದು. ಹೋಂವರ್ಕ್ ಮಾಡದವರ ಪಟ್ಟಿ ಹಾಕಬಾರದು, ಮಕ್ಕಳು ಅಳುತ್ತಿರುವ ಫೋಟೋವನ್ನಂತೂ ಖಂಡಿತ ಹಾಕಬಾರದು. ಗುಡ್ ಮಾರ್ನಿಂಗ್, ಚುನಾವಣೆ, ಫಾರ್ವರ್ಡ್ ಯಾವುದೂ ಬೇಡ. ಗ್ರೂಪಿನಲ್ಲಿ ದಿನಕ್ಕೆ ನಲವತ್ತು ಮೆಸೇಜು ಬಂದರೆ ನಿಮ್ಮ ಮುಖ್ಯ ಮಾತು ಅದರಡಿಗೆ ಹೂತುಹೋಗುತ್ತದೆ.

ಸ್ಮಾರ್ಟ್‌ಫೋನು ಇಲ್ಲದ ಮನೆಗಳನ್ನು ಮರೆಯಬೇಡಿ. ಅವರ ಪಕ್ಕದ ಮನೆಯವರು ಗ್ರೂಪಿನಲ್ಲಿದ್ದರೆ "ಆ ಮನೆಗೆ ಹೇಳುವ ಜವಾಬ್ದಾರಿ ನಿಮ್ಮದು" ಅಂತ ಒಪ್ಪಿಸಿ. ಯಾರೂ ಇಲ್ಲದಿದ್ದರೆ ಮಾಮೂಲಿ ಫೋನು ಮಾಡಿ.

ಕಲಿತದ್ದನ್ನು ಮಗುವೇ ತೋರಿಸಲಿ

ನಲಿ-ಕಲಿ ಬಗ್ಗೆ ಪೋಷಕರಿಗೆ ಇರುವ ಅನುಮಾನ ಎಲ್ಲ ಕಡೆ ಒಂದೇ. "ಬರೀ ಆಟ ಆಡಿಸ್ತೀರಿ, ಕಾಪಿ ಬರೆಸಲ್ಲ. ಪಕ್ಕದ ಮನೆ ಹುಡುಗ ಕಾನ್ವೆಂಟಲ್ಲಿ ಎಬಿಸಿಡಿ ಬರೀತಾನೆ." ಇದಕ್ಕೆ ಸಿಟ್ಟಾಗಬೇಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು ಅಂತ ಭಾಷಣ ಮಾಡಿದರೂ ಪ್ರಯೋಜನ ಇಲ್ಲ. ತೋರಿಸಬೇಕು.

ಒಂದನೇ ತರಗತಿಯ ಮಗು ಮನೆಯಲ್ಲಿ ಅ ಆ ಇ ಈ ಹೇಳುವುದಿಲ್ಲ, ರ ಗ ಸ ದ ಅ ಅನ್ನುತ್ತದೆ. ತಾಯಿಗೆ ದಿಗಿಲು. "ಏನ್ ಮಿಸ್, ಉಲ್ಟಾ ಕಲಿಸ್ತಿದೀರಾ?" ಅಂತ ಒಬ್ಬರು ನನ್ನನ್ನು ಬಾಗಿಲಲ್ಲೇ ತಡೆದು ಕೇಳಿದ್ದರು. ನಾನು ಅವರನ್ನು ಒಳಗೆ ಕರೆದು, ಮಗಳ ಪಕ್ಕ ನೆಲದ ಮೇಲೆ ಕೂರಿಸಿದೆ. ಐದು ಅಕ್ಷರದ ಕಾರ್ಡುಗಳನ್ನು ಮಗುವಿನ ಮುಂದೆ ಇಟ್ಟೆ. ಅದು ಸ ಮತ್ತು ರ ಜೋಡಿಸಿ "ಸರ" ಅಂತು. ತಾಯಿಯ ಕೊರಳಿನ ಸರ ಮುಟ್ಟಿ ತೋರಿಸಿತು. ಆಮೇಲೆ ದರ, ರಸ, ಅಗಸ, ಅರಸ. ಕೊನೆಗೆ ಗರಗಸ. ಅಷ್ಟೂ ಆ ಐದೇ ಅಕ್ಷರದಲ್ಲಿ. ಐವತ್ತು ಅಕ್ಷರ ಬಾಯಿಪಾಠ ಆಗುವ ತನಕ ಕಾಯದೆ ಮಗು ಓದೋಕೆ ಶುರು ಮಾಡಲಿ ಅಂತಲೇ ಈ ಕ್ರಮ ಅನ್ನೋದನ್ನು ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ. "ಗರಗಸನೂ ಓದ್ತಾಳೆ!" ಅಂತ ಅವರೇ ಓಣಿಯಲ್ಲಿ ಹೇಳಿಕೊಂಡು ಬಂದರು.

ಮಗು ಒಂದಾದ ಮೇಲೊಂದು ಕಲಿಯಬೇಕಾದ್ದನ್ನು ಚಿತ್ರಗಳಲ್ಲಿ ತೋರಿಸುವ, ಗೋಡೆಯ ಮೇಲಿನ ಕಲಿಕಾ ಏಣಿಯನ್ನೂ ಹಾಗೇ ತೋರಿಸಿ. ಅಕ್ಷರ ಬಾರದ ತಾಯಿಗೂ ಅದರಲ್ಲಿನ ಚಿತ್ರಗಳು ಗೊತ್ತಾಗುತ್ತವೆ. "ನಾನು ಇಲ್ಲಿದೀನಿ, ಇದು ಮುಗಿದ ಮೇಲೆ ಇದು" ಅಂತ ಮಗುವೇ ಬೆರಳಿಟ್ಟು ಹೇಳಲಿ. ನೀವು ಮಧ್ಯೆ ಬಾಯಿ ಹಾಕಬೇಡಿ. ಮಗು ಬರೆದದ್ದು, ಬಣ್ಣ ಹಚ್ಚಿದ್ದು ತರಗತಿಯಲ್ಲಿ ತಲೆಯ ಮೇಲೆ ಕಟ್ಟಿದ ದಾರದ ಚಪ್ಪರದಲ್ಲಿ ತೂಗುತ್ತಿದ್ದರೆ ಅದರಲ್ಲಿ ಒಂದನ್ನು ಮನೆಗೆ ಕಳಿಸಿ.

"ನನಗೇ ಓದು ಬರಲ್ಲ, ಮನೇಲಿ ನಾನೇನ್ ಹೇಳಿಕೊಡ್ಲಿ?" ಅನ್ನುವವರಿಗೆ ಕೆಲಸ ಕೊಡಿ, ಬರೀ ಸಮಾಧಾನ ಹೇಳಬೇಡಿ. ಹೇಳಿಕೊಡೋದು ಬೇಡ, ಕೇಳಿಸಿಕೊಂಡರೆ ಸಾಕು. ಮಗು ಅಂಗಡಿ ಬೋರ್ಡು ಓದಲಿ, ಬಸ್ಸಿನ ಮೇಲೆ "ಹರಿಹರ" ಅಂತ ಇದ್ದರೆ ಓದಲಿ, ಅಕ್ಕಿ ಚೀಲದ ಮೇಲಿನ ತೂಕ ಓದಲಿ. ರಾತ್ರಿ "ಇವತ್ತು ಏನ್ ಕಲಿತೆ?" ಅಂದರೆ "ಏನಿಲ್ಲ" ಅನ್ನುತ್ತದೆ. "ಇವತ್ತು ಯಾವ ಕಾರ್ಡ್ ಮಾಡಿದೆ, ಅದರಲ್ಲಿ ಏನ್ ಚಿತ್ರ ಇತ್ತು?" ಅಂತ ಕೇಳಿ ಅಂತ ಹೇಳಿಕೊಡಿ. ಆಗ ಮಾತು ಹೊರಡುತ್ತದೆ.

ಅವರ ಕೆಲಸವನ್ನು ತರಗತಿಗೆ ತನ್ನಿ

ಪೋಷಕರನ್ನು ಶಾಲೆಗೆ ಕರೆಯಲು ನನಗೆ ಗೊತ್ತಿರುವ ಎಲ್ಲಕ್ಕಿಂತ ಒಳ್ಳೆಯ ದಾರಿ ಇದು. ತಮಗೆ ಗೊತ್ತಿರುವುದನ್ನು ಕಲಿಸಲು ಕರೆಯಿರಿ.

ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬ ತಾಯಿ ಹುರಿಯುವ ಮುಂಚಿನ ಅಕ್ಕಿ ಕಾಲು ಕಿಲೋ, ಮಂಡಕ್ಕಿ ಕಾಲು ಕಿಲೋ ತಂದರು. ತಕ್ಕಡಿಯ ಈ ಕಡೆ ಇದು, ಆ ಕಡೆ ಅದು. ಎರಡೂ ಸಮ. ಕಾಗದದ ಮೇಲೆ ಸುರಿದರೆ ಅಕ್ಕಿ ಒಂದು ಬೊಗಸೆ, ಮಂಡಕ್ಕಿ ಗುಡ್ಡೆ. ಯಾವುದು ಜಾಸ್ತಿ ಅಂತ ಮಕ್ಕಳಲ್ಲಿ ಜಗಳವೇ ಆಯಿತು. ತೂಕ ಬೇರೆ, ಅಳತೆ ಬೇರೆ ಅನ್ನೋದು ಆವತ್ತು ಅರ್ಥ ಆದಷ್ಟು ಚೆನ್ನಾಗಿ ನನ್ನ ಬೋರ್ಡಿನ ಮೇಲಿನ ಲೆಕ್ಕದಿಂದ ಎಂದೂ ಆಗಿರಲಿಲ್ಲ. ಭತ್ತ ನೆನೆಸುವುದು, ಅಕ್ಕಿ ಮಾಡಿಸುವುದು, ಉಪ್ಪುನೀರು ಕಲೆಸುವುದು, ಕಾದ ಮರಳಲ್ಲಿ ಹುರಿಯುವುದು ಎಲ್ಲವನ್ನೂ ಅವರು ಕೈ ಆಡಿಸಿ ಹೇಳಿದರು. "ಮರಳು ಸರಿಯಾಗಿ ಕಾದಿಲ್ಲ ಅಂದ್ರೆ ಅಕ್ಕಿ ಅರಳಲ್ಲ ಮಕ್ಕಳಾ." ಯಾಕೆ ಅರಳುತ್ತದೆ ಅಂತ ಒಬ್ಬ ಕೇಳಿದ. ಕಾಳಿನ ಒಳಗಿನ ತೇವ ಆವಿಯಾಗಿ ಉಬ್ಬಿಸುತ್ತದೆ ಅಂತ ಅಲ್ಲಿ ನಾನು ಕೈಜೋಡಿಸಿದೆ. ಯಾವಾಗಲೂ ಬಾಗಿಲ ಹತ್ತಿರ ಮುದುಡಿ ಕೂರುತ್ತಿದ್ದ ಅವರ ಮಗಳು ಆವತ್ತು ಮುಂದೆ ಬಂದು ಕೂತಿದ್ದಳು.

ಅಪ್ಪಂದಿರನ್ನು ಕರೆಯಲೂ ಇದೇ ದಾರಿ. ಮೀಟಿಂಗ್ ಅಂದರೆ ಹೆಂಡತಿಯನ್ನು ಕಳಿಸುವ ಆಟೋ ಅಣ್ಣ, "ಮೀಟರ್ ಲೆಕ್ಕ ಮಕ್ಕಳಿಗೆ ಹೇಳಿಕೊಡಿ ಅಣ್ಣಾ" ಅಂದರೆ ಇಸ್ತ್ರಿ ಅಂಗಿ ಹಾಕಿಕೊಂಡು ಬರುತ್ತಾರೆ.

ಮಗು ಬರದಿದ್ದಾಗ

ಆ ದಿನವೇ ಫೋನು ಮಾಡಿ. "ಯಾಕೆ ಕಳಿಸಿಲ್ಲ?" ಅಂತ ಶುರು ಮಾಡಬೇಡಿ. "ಹುಡುಗಿ ಹುಷಾರಾಗಿದಾಳಾ? ಕಾಣಲಿಲ್ಲ ಇವತ್ತು" ಅನ್ನಿ. ಮೊದಲನೆಯದಕ್ಕೆ ನೆಪ ಸಿಗುತ್ತದೆ, ಎರಡನೆಯದಕ್ಕೆ ನಿಜ ಸಿಗುತ್ತದೆ. ನಮ್ಮಲ್ಲಿ ಹೆಣ್ಣುಮಕ್ಕಳು ಪದೇ ಪದೇ ತಪ್ಪಿಸುತ್ತಿದ್ದರೆ ಮನೆಯಲ್ಲಿ ಒಂದು ಪುಟ್ಟ ತಮ್ಮನೋ ತಂಗಿಯೋ ಇರುತ್ತದೆ. ಅಮ್ಮ ಕೆಲಸಕ್ಕೆ ಹೋದ ಮೇಲೆ ಅದನ್ನು ಎತ್ತಿಕೊಳ್ಳುವವರು ಇವಳೇ. ಕಳಿಸಿ, ಕಳಿಸಿ ಅಂತ ಒತ್ತಾಯ ಮಾಡಿದರೆ ಆ ಕೂಸನ್ನು ಯಾರು ನೋಡಬೇಕು? ಮೂರು ವರ್ಷ ತುಂಬಿದ್ದರೆ ಅಂಗನವಾಡಿ ಇದೆ. ಅಲ್ಲಿನ ಕಾರ್ಯಕರ್ತೆಯ ಹತ್ತಿರ ನೀವೇ ಮಾತಾಡಿ, ಅಕ್ಕ ಬರುವಾಗ ತಮ್ಮನನ್ನೂ ಜೊತೆಗೆ ಕರೆದುಕೊಂಡು ಬಂದು ಅಲ್ಲಿ ಬಿಡುವ ಹಾಗೆ ಏರ್ಪಾಡು ಮಾಡಿ. ಮೂರು ತುಂಬಿಲ್ಲದಿದ್ದರೆ ಅಜ್ಜಿಯೋ ಪಕ್ಕದ ಮನೆಯವರೋ ಯಾರಾದರೂ ಇದ್ದಾರಾ ಅಂತ ಮನೆಯವರ ಜೊತೆ ಕೂತು ಯೋಚಿಸಿ. ಮಗುವನ್ನು ದುಡಿಮೆಗೆ ಹಚ್ಚಿದ್ದಾರೆ ಅಂತ ಗೊತ್ತಾದರೆ ಮುಖ್ಯಶಿಕ್ಷಕರಿಗೆ, ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ತಿಳಿಸಿ. ಮಕ್ಕಳ ಸಹಾಯವಾಣಿ 1098 ಇದೆ.

ಕೆಟ್ಟ ಸುದ್ದಿ ಹೇಳಲೇಬೇಕಾದಾಗ ಫೋನಿನಲ್ಲಿ ಬೇಡ, ಗೇಟಿನ ಹತ್ತಿರ ಬೇರೆಯವರ ಮುಂದೆಯೂ ಬೇಡ. ಕೂರಿಸಿ, ನೀರು ಕೊಟ್ಟು, ಏನಾಯಿತೋ ಅಷ್ಟನ್ನೇ ಹೇಳಿ. "ಕಳ್ಳ" ಅನ್ನಬೇಡಿ, "ಪಕ್ಕದ ಹುಡುಗನ ಪೆನ್ಸಿಲ್ ಡಬ್ಬಿ ಇವನ ಚೀಲದಲ್ಲಿತ್ತು" ಅನ್ನಿ. ನಂತರ ಒಂದು ಮಾತನ್ನು ಬಾಯಿಬಿಟ್ಟು ಹೇಳಲೇಬೇಕು: "ಮನೆಗೆ ಹೋಗಿ ಹೊಡೀಬೇಡಿ." ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವಂತಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ನಮ್ಮ ಮಾತು ಕೇಳಿ ಮನೆಯಲ್ಲಿ ಬೆಲ್ಟು ತೆಗೆದರೆ ಆ ಮಗು ನಮ್ಮನ್ನು ಮತ್ತೆ ನಂಬುತ್ತದಾ? ಅವರು ಹೊರಡುವ ಮುಂಚೆ ನಾನು ಅಪ್ಪನಿಂದ ಮಾತು ತಗೊಂಡೇ ಕಳಿಸುತ್ತೇನೆ. ಮಾರನೆ ದಿನ ಮಗುವನ್ನು ಬೇರೆಯಾಗಿ ಕರೆದು ಕೇಳುತ್ತೇನೆ.

ಮೀಟಿಂಗು

ದಿನ ಗೊತ್ತು ಮಾಡುವಾಗ ಕ್ಯಾಲೆಂಡರ್ ನೋಡಿ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆಗ ಊರಿಗೆ ಊರೇ ನೆಂಟರಿಂದ ತುಂಬಿರುತ್ತದೆ. ರಂಜಾನ್ ತಿಂಗಳಲ್ಲಿ ಸಂಜೆ ಬೇಡ. ಕುರ್ಚಿ ಹಾಕಿ ವೇದಿಕೆ ಮಾಡಬೇಡಿ. ಜಮಖಾನ ಹಾಸಿ, ಎಲ್ಲರೂ ಸುತ್ತ ಕೂರಲಿ, ನೀವೂ ಕೂರಿ. ಮೊದಲ ಕಾಲು ಗಂಟೆ ಮಕ್ಕಳು ಓದಿ ತೋರಿಸಲಿ. ಭಾಷಣ ಎಷ್ಟು ಕಮ್ಮಿ ಇದ್ದರೆ ಅಷ್ಟು ಒಳ್ಳೆಯದು.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು. ಕಾಗದದಲ್ಲಿ ಇರುತ್ತಾರೆ. ಸಭೆಗೆ ಬಂದು ಕೂರುವವರು ಮಾತ್ರ ಗಂಡಂದಿರು. "ಅವಳಿಗೇನ್ ಗೊತ್ತಾಗುತ್ತೆ ಮೇಡಂ, ಸಹಿ ನಾನೇ ಹಾಕಿಸ್ಕೊಂಡ್ ಬರ್ತೀನಿ" ಅಂದರೆ ನಯವಾಗಿ ಬೇಡ ಅನ್ನಿ. ಆ ತಾಯಿಗೇ ಫೋನು ಮಾಡಿ, ಅವರಿಗೆ ಆಗುವ ಹೊತ್ತಿಗೇ ಸಭೆ ಇಡಿ. ಬಂದವರಿಗೆ ಮಾತಾಡಲು ವಿಷಯ ಬೇಕು. ಬಿಸಿಯೂಟದಿಂದ ಶುರು ಮಾಡಿ. ಸಾಂಬಾರು ರುಚಿ ನೋಡಲಿ, ಬೇಳೆ ಎಷ್ಟು ಹಾಕಿದ್ದಾರೆ ಕೇಳಲಿ. ಅಡುಗೆ ವಿಷಯದಲ್ಲಿ ಅವರಿಗೆ ಯಾರ ಹಂಗೂ ಇಲ್ಲ. ಸಾಂಬಾರಿನ ಬಗ್ಗೆ ಕೇಳಿದವರು ಮುಂದಿನ ಸಲ ಶೌಚಾಲಯದ ನೀರಿನ ಬಗ್ಗೆ, ಅನುದಾನದ ಲೆಕ್ಕದ ಬಗ್ಗೆಯೂ ಕೇಳುತ್ತಾರೆ. ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಸಹಿ ಮಾಡಿಸಿ.

ಕಾಗದ ಪತ್ರ

ಒಂದೊಂದಾಗಿ ಕೇಳಿ ಐದು ಸಲ ಓಡಾಡಿಸಬೇಡಿ. ಏನೇನು ಬೇಕು ಅಂತ ಒಂದೇ ಸಲ ಹೇಳಿ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, ವಿದ್ಯಾರ್ಥಿವೇತನಕ್ಕೆ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ. ಆಧಾರ್‌ನಲ್ಲಿರುವ ಹೆಸರು, ಶಾಲೆಯಲ್ಲಿರುವ ಹೆಸರು ಒಂದೇ ಇದೆಯಾ ಅಂತ ಮೊದಲೇ ನೀವೇ ನೋಡಿ ಹೇಳಿ. ಒಂದು ಅಕ್ಷರ ಹೆಚ್ಚು ಕಮ್ಮಿ ಇದ್ದರೂ ಆಮೇಲೆ ತಲೆನೋವು.

ಏಳನೇ ತರಗತಿ ಪೋಷಕರಿಗೆ, ಕಡಿಮೆ ಆದಾಯದ ಮನೆಯ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಎನ್‌ಎಂಎಂಎಸ್ ಪರೀಕ್ಷೆ ಬಗ್ಗೆ ಆ ವರ್ಷವೇ ಹೇಳಬೇಕು. ಪರೀಕ್ಷೆ ಎಂಟನೇ ತರಗತಿಯಲ್ಲಿ. ಆದರೆ ಬರೆಯಲು ಏಳರಲ್ಲಿ ಶೇ. 55 ಬಂದಿರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 50. ಮನೆಯ ವರ್ಷದ ಆದಾಯ ಮೂರೂವರೆ ಲಕ್ಷ ದಾಟಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವ ತನಕ ವರ್ಷಕ್ಕೆ 12,000 ರೂಪಾಯಿ. ಎಂಟಕ್ಕೆ ಬಂದ ಮೇಲೆ ಗೊತ್ತಾದರೆ ಏಳರ ಮಾರ್ಕ್ಸ್ ತಿದ್ದೋಕಾಗಲ್ಲ, ಅಲ್ವಾ?

ಊರು ಬಿಟ್ಟು ಹೋಗುವವರು

ಗಾರೆ ಕೆಲಸಕ್ಕೆ ಬೆಂಗಳೂರಿಗೆ, ಕಾಫಿ ತೋಟಕ್ಕೆ ಅಂತ ವರ್ಷದ ಮಧ್ಯೆ ಹೊರಡುವ ಮನೆಗಳಿವೆ. ಹೇಳದೆ ಹೋಗಿಬಿಡುತ್ತಾರೆ, ಬೈಗುಳ ತಪ್ಪಿಸಿಕೊಳ್ಳೋಕೆ. ಅದಕ್ಕೇ "ಎಲ್ಲಿಗಾದರೂ ಹೋಗೋದಿದ್ರೆ ನನಗೆ ಒಂದು ಮಾತು ಹೇಳಿ, ನಾನು ಬೈಯಲ್ಲ" ಅಂತ ಮೊದಲೇ ಹೇಳಿಡಿ. ಹೊರಡುವಾಗ ವರ್ಗಾವಣೆ ಪತ್ರ ಕೇಳಿದರೆ ತಡ ಮಾಡದೆ ಕೊಡಿಸಿ. ಕೈಯಲ್ಲಿ ಟಿಸಿ ಇಲ್ಲ ಅಂತ ಹೊಸ ಶಾಲೆಯವರು ಮಗುವನ್ನು ಸೇರಿಸಿಕೊಳ್ಳದೆ ಇರುವ ಹಾಗಿಲ್ಲ, ಕಾಯ್ದೆ ಅದನ್ನೂ ಹೇಳಿದೆ. ಇದನ್ನು ಆ ಅಪ್ಪ-ಅಮ್ಮನಿಗೆ ಬಿಡಿಸಿ ಹೇಳಿ. ಮಗುವಿನ ಸ್ಯಾಟ್ಸ್ ನಂಬರು, ಏಣಿಯಲ್ಲಿ ಎಲ್ಲಿಯ ತನಕ ಬಂದಿದೆ ಅನ್ನೋದು, ನಿಮ್ಮ ಫೋನ್ ನಂಬರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಟಿಸಿ ಜೊತೆ ಪಿನ್ ಮಾಡಿ ಕೊಡಿ. ಹೊಸ ಶಾಲೆಯ ಹೆಸರು ಗೊತ್ತಾದ ದಿನ ಅಲ್ಲಿನ ಮುಖ್ಯಶಿಕ್ಷಕರಿಗೆ ನೀವೇ ಒಂದು ಫೋನು ಮಾಡಿ, ಆ ಮಗುವಿನ ಬಗ್ಗೆ ನೀವು ಕಂಡ ಒಂದು ಒಳ್ಳೆಯ ವಿಷಯವನ್ನೂ ಹೇಳಿ.